ಜೈಲಿಂದ ಬಂದ ಹುಡುಗನ ಓದಿಗೆ ಟ್ರಸ್ಟ್ ಮಾಡ್ತೀವಿ ಅಂತೀರಿ, ಆ ಟ್ರಸ್ಟಲ್ಲಿ ಯಾರ್ಯಾರು ಇರ್ಬೇಕು?

ಪ್ರಶ್ನೆ: ಮೇಡಂ, ನಾನು ಗಂಗಾವತಿ ಕಡೆಯವ, ರಿಟೈರ್ಡ್ ಹೈಸ್ಕೂಲ್ ಮಾಸ್ತರ. ನನ್ನ ಹತ್ರ ಎಸ್ಸೆಸ್ಸೆಲ್ಸಿ ಓದಿದ ಹುಡುಗ ಒಬ್ಬ ಹೊಡೆದಾಟದ ಕೇಸ್‌ನ್ಯಾಗ ಎರಡು ವರ್ಷದ ಮ್ಯಾಲೆ ಜೈಲ್ನಾಗಿದ್ದು ಹೋದ ವರ್ಷ ಖುಲಾಸೆ ಆಗಿ ಬಂದ. ಇನ್ನೊಂದು ಸಣ್ಣ ಕೇಸ್ ಇನ್ನೂ ನಡದೈತಿ. ಮನೀಗೆ ಬಂದು "ಸರ್, ನಾ ಪಿಯುಸಿ ಮುಗಸಬೋದೇನ್ರಿ" ಅಂತ ಕೇಳಿದ. ಅವತ್ತಿಂದ ನಾನು, ಮೆಡಿಕಲ್ ಶಾಪ್ ಗೆಳೆಯರೊಬ್ರು, ಒಬ್ರು ನರ್ಸಮ್ಮ, ರೈಸ್ ಮಿಲ್ ಗುಮಾಸ್ತರೊಬ್ರು ಸೇರಿ ಇಂಥವ್ರ ಓದಿಗೆ ಒಂದು ಟ್ರಸ್ಟ್ ಮಾಡೋಣ ಅಂತ ಕೂತೀವಿ. ನಮ್ಮ ಪ್ರಶ್ನೆ: ಜೈಲಿಗೆ ಹೋಗಿ ಬಂದವ್ರನ್ನ ಟ್ರಸ್ಟಿ ಮಾಡಬೋದಾ? ಮಿಲ್ ಮಾಲೀಕರೊಬ್ರು ಒಂದು ಲಕ್ಷ ಕೊಡ್ತೀನಿ, ಆದ್ರ ಪೇಪರ್‌ನ್ಯಾಗ ಫೋಟೋ ಬರ್ಬೇಕು ಅಂತಾರ, ಒಪ್ಕೊಬೋದಾ? ನನ್ನ ಹೆಂಡ್ತಿ "ಅಂಥವ್ರನ್ನ ಮನೀಗೆ ಕರೀಬ್ಯಾಡ್ರಿ" ಅಂತ ಹೆದರ್ತಾಳ, ಆ ಹೆದರಿಕೆ ಸರಿನಾ? ಇಷ್ಟೆಲ್ಲ ಓದ್ಸಿದ್ರೂ ಅವ್ನಿಗೆ ನೌಕರಿ ಸಿಗ್ತದಾ?

ಉತ್ತರ:

ಮಾಸ್ತರ್ರೇ, ನಿಮ್ಮ ಕಾಗದ ಎರಡು ಸಲ ಓದಿದೆ. ಕೇಳಿರೋದು ನಾಲ್ಕು ಪ್ರಶ್ನೆ, ಆದ್ರೆ ಅದರ ಹಿಂದೆ ಇರೋ ಚಿಂತೆ ಒಂದೇ ಅನ್ಸ್ತು ನಂಗೆ, ನಾವು ಕೈ ಹಾಕಿ ಅರ್ಧಕ್ಕೆ ಬಿಟ್ರೆ ಆ ಹುಡುಗನ ಗತಿ ಏನು ಅಂತ. ಈ ಚಿಂತೆ ಇರೋರೇ ಈ ಕೆಲಸಕ್ಕೆ ಬೇಕು. ನಾನು ಬಳ್ಳಾರಿ ಕೋರ್ಟಲ್ಲಿ ವಕೀಲಿ ಮಾಡ್ತಾ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ಲಲ್ಲಿ ಇದ್ಕೊಂಡು, ಆರು ಜನ ಸೇರಿ ಹನ್ನೊಂದು ವರ್ಷದಿಂದ ಇಂಥದ್ದೇ ಒಂದು ಸಣ್ಣ ಟ್ರಸ್ಟ್ ನಡೆಸ್ತಿದೀನಿ, ಅದರಲ್ಲಿ ಕಲ್ತಿದ್ದನ್ನೇ ಹೇಳ್ತೀನಿ.

ಮೊದ್ಲು ಈ "ಅಂಥವ್ರು" ಅನ್ನೋ ಮಾತು ನೋಡೋಣ. ಜೈಲಿಗೆ ಹೋಗಿ ಬಂದೋರೆಲ್ಲ ತಪ್ಪು ಸಾಬೀತಾದೋರು ಅಂತ ಊರಲ್ಲಿ ನಂಬಿಕೆ ಐತೆ. ಕೇಂದ್ರದ ಅಪರಾಧ ದಾಖಲೆ ಬ್ಯೂರೋ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದಿದ್ದು ಸುಮಾರು 5.73 ಲಕ್ಷ ಜನ, ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು, ಅಂದ್ರೆ ಇನ್ನೂ ತೀರ್ಪೇ ಆಗದೋರು. ನಾಲ್ಕರಲ್ಲಿ ಮೂರು ಜನ! ಜಾಮೀನು ಸಿಕ್ಕಿದ್ರೂ ಶ್ಯೂರಿಟಿ ಕೊಡೋಕೆ ಪಹಣಿ ಇಟ್ಕೊಂಡು ನಿಲ್ಲೋರು ಯಾರೂ ಇಲ್ದೆ ಒಳಗೇ ಉಳಿಯೋ ಹುಡುಗರನ್ನ ನಾನು ಕಣ್ಣಾರೆ ನೋಡಿದೀನಿ. ನಿಮ್ಮ ಹುಡುಗ ಖುಲಾಸೆ ಆದವ್ನು, ಕಾನೂನಿನ ಕಣ್ಣಲ್ಲಿ ಆ ಕೇಸಿನ ಮಟ್ಟಿಗೆ ಅವ್ನು ಅಪರಾಧಿ ಅಲ್ಲ, ಆದ್ರೂ ಎರಡು ವರ್ಷ ಹೋಯ್ತಲ್ಲ, ಆ ಎರಡು ವರ್ಷದಲ್ಲಿ ಜೊತೆ ಓದಿದೋರು ಡಿಗ್ರಿ ಸೇರಿರ್ತಾರೆ, ಇವ್ನ ಮಾರ್ಕ್ಸ್ ಕಾರ್ಡ್ ಯಾವ ಟ್ರಂಕಲ್ಲಿ ಐತೆ ಅಂತ ಮನೆಯೋರಿಗೂ ಗೊತ್ತಿರಲ್ಲ.

ಹಂಗಂತ ನಿಮ್ಮ ಮನೆಯವ್ರ ಹೆದರಿಕೆ ಸುಳ್ಳು ಅಂತ ನಾನು ಹೇಳಲ್ಲ. ಹೆದರಿಕೆಗೆ ಉಪದೇಶ ಮದ್ದಲ್ಲ, ನಿಯಮ ಮದ್ದು. ನಮ್ಮಲ್ಲಿ ಮೊದಲ ಆರು ತಿಂಗಳು ಯಾರ ಮನೇಲೂ ಭೇಟಿ ಇಲ್ಲ, ಭೇಟಿ ಏನಿದ್ರೂ ಲೈಬ್ರರೀಲಿ, ಅಥವಾ ಸಂಜೆ ಹೊತ್ತು ಖಾಲಿ ಇರೋ ಸ್ಕೂಲ್ ರೂಮಲ್ಲಿ, ಯಾವಾಗ್ಲೂ ನಮ್ಮೋರು ಇಬ್ರು ಇರ್ಬೇಕು. ಟ್ರಸ್ಟಿನ ಫೋನಿಗೆ ಬೇರೆ ಸಿಮ್. ಯಾರೂ ಕೈಗಡ ಕೊಡಂಗಿಲ್ಲ, ಐನೂರು ರೂಪಾಯಿ ಕೂಡ. ಕೈಗಡ ಶುರುವಾದ್ರೆ ಹುಡುಗ ನಾಚಿಕೆಗೆ ತಪ್ಪಿಸ್ಕೊಂಡು ಓಡಾಡ್ತಾನೆ, ಕೊಟ್ಟೋರು ಮನಸ್ಸಲ್ಲೇ ಲೆಕ್ಕ ಇಡ್ತಾರೆ, ಓದು ಅಲ್ಲಿಗೆ ನಿಂತೋಗ್ತದೆ. ಮತ್ತೆ ಕೇಸ್ ಏನು ಅಂತ ತಿಳ್ಕೊಳ್ಳೋದ್ರಲ್ಲಿ ಸಂಕೋಚ ಬೇಡ. ಇ-ಕೋರ್ಟ್ಸ್ ಆ್ಯಪಲ್ಲಿ ಪ್ರತಿ ಕೇಸಿಗೂ ಬೇರೆಬೇರೆ ಇರೋ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಹಾಕಿದ್ರೆ ಕೇಸಿನ ಸ್ಥಿತಿ, ಮುಂದಿನ ತಾರೀಕು ಬರ್ತದೆ. ಇದು ಅವನನ್ನ ಅಳೆಯೋಕಲ್ಲ, ಯಾರನ್ನ ಎಲ್ಲಿ ಕೂರಿಸ್ಬೇಕು ಅಂತ ಗೊತ್ತಾಗೋಕೆ. ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸ್ ಇರೋರನ್ನ ನಾವು ಓದಿಸ್ತೀವಿ, ಆದ್ರೆ ಸಣ್ಣ ಮಕ್ಕಳ ಟ್ಯೂಷನ್ ನಡೆಯೋ ಜಾಗಕ್ಕೆ ಕರೆಯಲ್ಲ, ಇದನ್ನ ಅವ್ರಿಗೇ ನೇರ ಹೇಳ್ತೀವಿ. ಹೇಳಿದ್ರೆ ಯಾರೂ ಬೇಜಾರು ಮಾಡ್ಕೊಂಡಿಲ್ಲ, ಹಿಂದಿಂದ ಮಾತಾಡಿದ್ರೆ ಮಾತ್ರ ಬರೋದು ಬಿಟ್ಟುಬಿಡ್ತಾರೆ.

ಇನ್ನು ಟ್ರಸ್ಟಿ ಪ್ರಶ್ನೆ. ಮಾಡಬೋದಾ ಅಂದ್ರೆ ಮಾಡಬೋದು, ನನ್ನ ಕೇಳಿದ್ರೆ ಮಾಡ್ಲೇಬೇಕು. ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಡೀಡ್, ಅಂದ್ರೆ ಟ್ರಸ್ಟ್ ಪತ್ರ, ನೋಂದಾಯಿಸಿ ಮಾಡೋ ಟ್ರಸ್ಟಿಗೆ, ಶಿಕ್ಷೆ ಆದವ್ರು ಟ್ರಸ್ಟಿ ಆಗ್ಬಾರ್ದು ಅನ್ನೋ ನೇರ ನಿಷೇಧ ಇಲ್ಲ, ಡೀಡಲ್ಲಿ ನೀವೇ ಹಂಗೆ ಬರ್ಕೊಂಡ್ರೆ ಮಾತ್ರ ತೊಂದ್ರೆ, ರೆಡಿಮೇಡ್ ಡೀಡ್ ನಮೂನೆಗಳಲ್ಲಿ ಅಂಥ ಸಾಲು ಇರ್ತದೆ, ಓದಿ ಸೈನ್ ಮಾಡ್ರಿ. ಸೊಸೈಟಿ ಮಾಡ್ತೀವಿ ಅಂದ್ರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕಡೇಪಕ್ಷ ಏಳು ಜನ ಬೇಕು, ನೀವು ನಾಲ್ಕೇ ಜನ ಇದೀರಿ, ಸುಮ್ನೆ ಹೆಸರಿಗೆ ಮೂವರನ್ನ ಸೇರಿಸ್ಬೇಡ್ರಿ. ಸೆಕ್ಷನ್ 8 ಕಂಪನಿ, ಅಂದ್ರೆ ಲಾಭಕ್ಕಲ್ಲದ ಕಂಪನಿ, ಮಾಡ್ರಿ ಅಂತ ಕೆಲವು ಆಡಿಟರ್‌ಗಳು ಹೇಳ್ತಾರೆ, ಅದು ನಿಮ್ಗೆ ಬೇಡ, ಯಾಕಂದ್ರೆ 2013ರ ಕಂಪನಿ ಕಾಯ್ದೆಯಲ್ಲಿ ಆರು ತಿಂಗಳಿಗೆ ಕಡಿಮೆ ಇಲ್ಲದ ಜೈಲು ಶಿಕ್ಷೆ ಆದವ್ರು ಶಿಕ್ಷೆ ಮುಗಿದು 5 ವರ್ಷ ಆಗೋವರೆಗೂ ಡೈರೆಕ್ಟರ್ ಆಗಂಗಿಲ್ಲ, 7 ವರ್ಷ ಅಥವಾ ಮೇಲೆ ಶಿಕ್ಷೆ ಆದವ್ರು ಯಾವತ್ತೂ ಆಗಂಗಿಲ್ಲ. ಯಾರಿಗೋಸ್ಕರ ಸಂಸ್ಥೆ ಮಾಡ್ತಿದೀರೋ ಅವ್ರೇ ಮೇಜಿನ ಹತ್ರ ಕೂರೋಕಾಗಲ್ಲ ಅಂದ್ರೆ ಏನು ಪ್ರಯೋಜನ.

ಯಾಕೆ ಕೂರ್ಬೇಕು ಅಂದ್ರೆ ಒಂದು ಉದಾಹರಣೆ ಹೇಳ್ತೀನಿ. ನಮ್ಮ ಆರು ಜನರಲ್ಲಿ ಒಬ್ರು ಒಂಬತ್ತು ವರ್ಷ ಸಜಾ ಮುಗಿಸಿ ಬಂದೋರು, ಹೊರಗೆ ಬಂದ ಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂಎ ಕಟ್ಟಿದೋರು. ಮೊದಲನೇ ವರ್ಷ ನಾವು ಐದೂ ಜನ ಓದಿದೋರು ಸೇರಿ ಬೆಳಗ್ಗೆ ಆರೂವರೆಗೆ ಕ್ಲಾಸ್ ಇಟ್ಟಿದ್ವಿ, ಕೆಲಸಕ್ಕೆ ಹೋಗೋ ಮುಂಚೆ ಓದ್ಲಿ ಅಂತ. ಒಬ್ರೂ ನೆಟ್ಟಗೆ ಬರಲಿಲ್ಲ, ಬಂದೋರು ಕೂತಲ್ಲೇ ತೂಕಡಿಸ್ತಿದ್ರು, ಆಸಕ್ತಿ ಇಲ್ಲ ಇವ್ರಿಗೆ ಅಂತ ನಾನೇ ಮೀಟಿಂಗಲ್ಲಿ ಬರೆದುಬಿಟ್ಟೆ. ಆಮೇಲೆ ಈ ಅಣ್ಣ ನಮ್ಮ ಜೊತೆ ಸೇರಿದ್ರು, ಒಂದೇ ಮಾತು ಹೇಳಿದ್ರು: "ಬ್ಯಾರಕ್‌ನ್ಯಾಗ ರಾತ್ರಿಯೆಲ್ಲ ಲೈಟ್ ಉರೀತಿರ್ತದ ಮೇಡಂ. ಹೊರಗ ಬಂದ್ ಮ್ಯಾಲೆ ಕತ್ತಲ್ದಾಗ ನಿದ್ದಿ ಹತ್ತಂಗಿಲ್ಲ. ಬೆಳಗಿನ ಜಾವಕ್ಕ ಕಣ್ಣು ಮುಚ್ತದ, ಅವಾಗ ನೀವು ಕ್ಲಾಸ್ ಅಂತೀರಿ." ಕ್ಲಾಸ್ ಸಂಜೆ ಏಳಕ್ಕೆ ಹಾಕಿದ್ವಿ, ಜನ ಬಂದ್ರು. ಅಷ್ಟು ವರ್ಷ ವಕೀಲಿ ಮಾಡಿ, ಎಷ್ಟೋ ಸಲ ಜೈಲಿನ ಗೇಟ್ ದಾಟಿದ್ರೂ ಆ ಲೈಟ್ ವಿಷಯ ನಂಗೆ ಹೊಳೆದಿರಲಿಲ್ಲ.

ಇನ್ನೊಬ್ಬ ಹುಡುಗ, ಸಿರುಗುಪ್ಪ ಕಡೆಯವ್ನು, ಬಾಗಿಲು ತೆರೆದೇ ಇದ್ರೂ ಹೊಸ್ತಿಲ ಆಚೆ ನಿಲ್ಲೋನು. ಒಳಗೆ ಬಾ ಅಂದ್ರೆ ಬರೋನು, ಕೂತ್ಕೊ ಅಂದ್ರೆ ಕೂರೋನು, ಸೆಖೆ ಆಗ್ತಿದ್ರೂ ಫ್ಯಾನಿನ ಸ್ವಿಚ್ ಹಾಕೋಕೆ ಮುಖ ನೋಡೋನು. ಇದನ್ನ ವಿಧೇಯತೆ ಅಂತ ಖುಷಿಪಡೋ ಮಾಸ್ತರು ಇದಾರೆ, ನೀವು ಹಂಗೆ ತಿಳ್ಕೊಬೇಡ್ರಿ. ಪ್ರತಿಯೊಂದಕ್ಕೂ ಇನ್ನೊಬ್ರ ಅಪ್ಪಣೆಗೆ ಕಾದು ಕಾದು ಆದ ಅಭ್ಯಾಸ ಅದು, ಕಾಲೇಜಿನ ಕೌಂಟರಲ್ಲಿ ಫಾರ್ಮ್ ತುಂಬೋವಾಗ, ಪರೀಕ್ಷೆ ಹಾಲಲ್ಲಿ ಎಕ್ಸ್‌ಟ್ರಾ ಶೀಟ್ ಕೇಳೋವಾಗ ಅದೇ ಅವ್ನಿಗೆ ಅಡ್ಡ ಬರ್ತದೆ.

ಅದಕ್ಕೇ ನಮ್ಮಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ರು ಜೊತೆಗಾರರು ಅಂತ ಇರ್ತಾರೆ. ಪಾಠ ಹೇಳೋರೇ ಆಗ್ಬೇಕಂತಿಲ್ಲ. ವಾರಕ್ಕೊಂದು ಫೋನ್, ತಿಂಗಳಿಗೊಂದು ಭೇಟಿ, ಎರಡು ವರ್ಷ ಬಿಡದಂಗೆ. ಬ್ರಿಟನ್ನಿನಲ್ಲಿ ಲಾಂಗ್‌ಫರ್ಡ್ ಟ್ರಸ್ಟ್ ಅಂತ ಐತೆ, ದಶಕಗಟ್ಟಲೆ ಜೈಲಿಗೆ ಹೋಗಿ ಖೈದಿಗಳನ್ನ ಮಾತಾಡಿಸ್ತಿದ್ದ ಲಾರ್ಡ್ ಲಾಂಗ್‌ಫರ್ಡ್ 2001ರಲ್ಲಿ ತೀರಿಕೊಂಡ ಮೇಲೆ ಅವ್ರ ನೆನಪಲ್ಲಿ 2002ರಲ್ಲಿ ಶುರುವಾಗಿದ್ದು, ಜೈಲಿಂದ ಬಂದೋರನ್ನ ಯೂನಿವರ್ಸಿಟಿಗೆ ಕಳಿಸ್ತಾರೆ. ಅವ್ರು ಬರೀ ಸ್ಕಾಲರ್‌ಶಿಪ್ ಕೊಟ್ಟು ಕೈ ತೊಳ್ಕೊಳ್ಳಲ್ಲ, ದುಡ್ಡಿನ ಜೊತೆ ಒಬ್ಬ ಮಾರ್ಗದರ್ಶಿನೂ ಕೊಡ್ತಾರೆ. ನಮ್ಮ ಕಡೆನೂ ದಾರಿ ತೋರಿಸ್ದೋರು ಇದಾರೆ, ರಂಗಾಯಣದ ಹುಲುಗಪ್ಪ ಕಟ್ಟಿಮನಿಯವ್ರು ಬಳ್ಳಾರಿ ಜೈಲು, ಮೈಸೂರು ಜೈಲಿನ ಖೈದಿಗಳ ಕೈಲಿ ನಾಟಕ ಆಡಿಸಿದ್ರಲ್ಲ, ಒಂದು ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು, ಅಷ್ಟು ದಿನ ಅದೇ ಜನದ ಜೊತೆ ಕೂರ್ಬೇಕು. ಒಂದಿನ ಬಂದು ಭಾಷಣ ಮಾಡಿ ಹಣ್ಣು ಹಂಚಿ ಹೋಗೋ ಕೆಲಸಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡ್ರಿ.

ಜೊತೆಗಾರರು ಏನು ಮಾಡ್ತಾರೆ ಅಂತ ಕೇಳ್ತೀರಿ. ಮೇಲೆ ಹೇಳಿದ ಸಿರುಗುಪ್ಪ ಹುಡುಗನದ್ದೇ ಕಥೆ. ಅಕ್ಟೋಬರ್ ಪರೀಕ್ಷೆ, ಇಂಗ್ಲಿಷ್ ಪೇಪರ್, ಮಧ್ಯಾಹ್ನ ಎರಡೂವರೆಗೆ ಬಳ್ಳಾರಿಯಲ್ಲಿ. ಹಿಂದಿನ ರಾತ್ರಿ ಎಂಟಕ್ಕೆ ಅವ್ನ ಜೊತೆಗಾರ್ತಿಗೆ, ಅವ್ರು ಬ್ಯಾಂಕ್ ಕ್ಲರ್ಕು, ಫೋನ್ ಮಾಡಿ "ಅಕ್ಕ, ನಾಳೆ ಕೋರ್ಟ್ ತಾರೀಕಂತೆ, ಹೋಗ್ಲಿಲ್ಲ ಅಂದ್ರೆ ವಾರಂಟ್ ಆಗ್ತದೆ, ಪರೀಕ್ಷೆ ಬಿಟ್ಬಿಡ್ತೀನಿ" ಅಂದ. ಆಯಮ್ಮ ನಂಗೆ ಫೋನ್ ಮಾಡಿದ್ರು. ಒಂದು ದಿನದ ಹಾಜರಾತಿಗೆ ವಿನಾಯಿತಿ ಕೇಳಿ ವಕೀಲರ ಮೂಲಕ ಅರ್ಜಿ ಹಾಕೋಕೆ ಕಾನೂನಲ್ಲೇ ಅವಕಾಶ ಐತೆ, ಮುಂಚೆ ಕ್ರಿಮಿನಲ್ ಕೇಸ್ ನಡೆಸೋ ಕಾನೂನಾಗಿದ್ದ ಸಿಆರ್‌ಪಿಸಿಯ ಸೆಕ್ಷನ್ 317 ಅಂತಿದ್ವಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 355. ಹಾಲ್ ಟಿಕೆಟ್ಟಿನ ಜೆರಾಕ್ಸ್ ಹಚ್ಚಿ ಬೆಳಗ್ಗೆ ಹನ್ನೊಂದಕ್ಕೆ ಅರ್ಜಿ ಹಾಕಿದ್ವಿ, ಜಡ್ಜ್ ಸಾಹೇಬ್ರು ಒಪ್ಪಿದ್ರು, ಹುಡುಗ ಪರೀಕ್ಷೆ ಬರೆದ, 41 ಮಾರ್ಕ್ಸ್ ಬಂತು. ಇಲ್ಲಿ ಖರ್ಚಾಗಿದ್ದು ಒಂದು ಜೆರಾಕ್ಸ್ ಮತ್ತೆ ಎರಡು ಫೋನ್ ಕಾಲ್. ಆದ್ರೆ ಆ ಎಂಟು ಗಂಟೆ ಫೋನ್ ಎತ್ತೋ ಜನ ಇರ್ಬೇಕಿತ್ತು. ಕೋರ್ಟ್ ಒಪ್ಪಲೇಬೇಕು ಅಂತೇನಿಲ್ಲ, ಸಾಕ್ಷಿ ವಿಚಾರಣೆ ಇರೋ ದಿನ ಒಪ್ಪದೇನೂ ಇರಬಹುದು, ಅದಕ್ಕೆ ಟೈಮ್‌ಟೇಬಲ್ ಬಂದ ದಿನಾನೇ ಕೋರ್ಟ್ ತಾರೀಕುಗಳ ಜೊತೆ ಹೊಂದಿಸಿ ನೋಡೋದು ಜೊತೆಗಾರರ ಮೊದಲ ಕೆಲಸ. ನಿಮ್ಮ ಹುಡುಗಂಗೂ ಒಂದು ಕೇಸ್ ಬಾಕಿ ಐತಲ್ಲ, ಇದನ್ನ ಮರೀಬೇಡ್ರಿ. ಜಾಮೀನಿನ ಷರತ್ತಲ್ಲಿ ಜಿಲ್ಲೆ ಬಿಟ್ಟು ಹೋಗಂಗಿಲ್ಲ ಅಂತ ಇದ್ರೆ ಪರೀಕ್ಷಾ ಕೇಂದ್ರ ಕೊಪ್ಪಳ ಜಿಲ್ಲೆ ಒಳಗೇ ಬರಂಗೆ ನೋಡ್ರಿ, ಇಲ್ಲಾಂದ್ರೆ ಮೊದ್ಲೇ ಅನುಮತಿ ತಗೊಳ್ರಿ.

ಓದೋಕೆ ಅವ್ನಿಗೆ ಕಾನೂನಿನ ಅಡ್ಡಿ ಏನೂ ಇಲ್ಲ. ಪಿಯುಸಿ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಕಲಾ ಇಲ್ಲ ವಾಣಿಜ್ಯ ತಗೊಂಡ್ರೆ ಸಲೀಸು. ಇಲ್ಲ ಅಂದ್ರೆ ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್ ಅಂತೀವಲ್ಲ ಅದು, ಒಂದ್ಸಲ ನೋಂದಾಯಿಸಿದ್ರೆ 5 ವರ್ಷ ಟೈಮು, 9 ಸಲ ಪರೀಕ್ಷೆಗೆ ಕೂರಬಹುದು, ಒಂದೊಂದೇ ವಿಷಯ ಪಾಸಾಗ್ತಾ ಹೋಗಬಹುದು. ಕೋರ್ಟು, ಕೂಲಿ ಎರಡೂ ಇರೋ ಹುಡುಗಂಗೆ ಇದು ಚಲೋ, ಯಾವ ವಿಷಯ ಯಾವ ಮಾಧ್ಯಮದಲ್ಲಿ ಸಿಗ್ತದೆ ಅಂತ ಮಾತ್ರ ದುಡ್ಡು ಕಟ್ಟೋ ಮುಂಚೆ ಕೇಳ್ರಿ. ಒಂದು ತೊಂದ್ರೆ ಐತೆ, ಅದು ನಿಮ್ಮ ಗಂಗಾವತಿ, ಸಿಂಧನೂರು ಕಡೇದೇ. ಈ ಎನ್‌ಐಒಎಸ್ ಪರೀಕ್ಷೆ ಬರೋದು ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್-ನವೆಂಬರ್ ಒಮ್ಮೆ. ತುಂಗಭದ್ರಾ ಎಡದಂಡೆ ನಾಲೆ ಭಾಗದಲ್ಲಿ ಭತ್ತದ ಕೊಯ್ಲು ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೀಳ್ತದೆ, ಗದ್ದೇಲೂ ಮಿಲ್ಲಲ್ಲೂ ವರ್ಷದಲ್ಲೇ ಹೆಚ್ಚು ಕೂಲಿ ಸಿಗೋ ದಿನ ಅವು, ಹಮಾಲಿ ಮಾಡೋ ಹುಡುಗ ಪರೀಕ್ಷೆಗೆ ಅಂತ ಹತ್ತು ದಿನ ಬಿಟ್ರೆ ಮನೇಲಿ ಜಗಳ ಆಗ್ತದೆ. ನಮ್ಮ ಟ್ರಸ್ಟಲ್ಲಿ ಫೀಸಿಗಿಂತ ಜಾಸ್ತಿ ಖರ್ಚಾಗೋದು ಆ ಹತ್ತು ದಿನದ ಕೂಲಿ ತುಂಬಿಕೊಡೋಕೆ ಮತ್ತೆ ಬಸ್ ಚಾರ್ಜಿಗೆ. ದಾನ ಕೊಡೋರಿಗೆ ಇದು ಅರ್ಥ ಆಗಲ್ಲ, ಪುಸ್ತಕ ಕೊಡಿಸ್ತೀವಿ, ಬ್ಯಾಗ್ ಕೊಡಿಸ್ತೀವಿ ಅಂತಾರೆ.

ಅಲ್ಲಿಗೆ ನಿಮ್ಮ ಮಿಲ್ ಮಾಲೀಕರ ವಿಷಯ ಬಂತು. ಒಂದು ಲಕ್ಷ ದೊಡ್ಡ ದುಡ್ಡು, ನಂಗೊತ್ತು. ಆದ್ರೂ ಹುಡುಗನ ಫೋಟೋ ಕೊಡಬೇಡ್ರಿ. ಶುರುವಿನಲ್ಲಿ ನಾವು ಆ ತಪ್ಪು ಮಾಡಿದ್ವಿ. ದಾನಿಗಳ ಜೊತೆ ಚೆಕ್ ಹಿಡ್ಕೊಂಡ ಫೋಟೋ, ಕೆಳಗೆ ಹೆಸರು, "ಜೈಲಿನಿಂದ ಕಾಲೇಜಿಗೆ" ಅಂತ ತಲೆಬರಹ. ಮೂರನೇ ದಿನಕ್ಕೆ ಅವ್ನು ಕೆಲಸ ಮಾಡ್ತಿದ್ದ ಅಂಗಡಿಯೋರು ನಾಳೆಯಿಂದ ಬರಬೇಡ ಅಂದ್ರು, ಬಾಡಿಗೆ ರೂಮಿನ ಮಾಲೀಕ್ರು ತಿಂಗಳ ಟೈಮ್ ಕೊಟ್ರು. ಅದಕ್ಕಿಂತ ನಂಗೆ ಇವತ್ತಿಗೂ ಸಂಕಟ ಆಗೋದು ಇನ್ನೊಂದು. ಆ ಕೇಸಲ್ಲಿ ಪೆಟ್ಟು ತಿಂದವ್ರ ಮನೆ ಅಲ್ಲೇ ಎರಡು ಓಣಿ ಆಚೆ ಇತ್ತು. ಅವ್ರ ತಾಯಿ ಆ ಪೇಪರ್ ತಂದು ನನ್ನ ಮೇಜಿನ ಮೇಲೆ ಇಟ್ಟು "ನಮ್ಮ ಮಗಂದು ಓದು ನಿಂತೋತಲ್ಲಮ್ಮ, ಅದಕ್ಕ್ಯಾರು ಚೆಕ್ ಕೊಡ್ತಾರೆ" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಅವ್ರ ಮಗನ ಐಟಿಐ ಫೀಸ್ ಆಮೇಲೆ ನಾವೇ ಕಟ್ಟಿದ್ವಿ, ಅದು ಪ್ರಾಯಶ್ಚಿತ್ತ ಅಲ್ಲ, ಮೊದ್ಲೇ ಮಾಡ್ಬೇಕಿದ್ದ ಕೆಲಸ. ಗಂಗಾವತಿ ಬೆಂಗಳೂರಲ್ಲ ಮಾಸ್ತರ್ರೇ, ಇಬ್ಬರದ್ದೂ ಮನೆ ಒಂದೇ ಸಂತೆ ದಾರೀಲಿ ಇರ್ತದೆ. ಮಾಲೀಕರಿಗೆ ಹೇಳ್ರಿ, ನಿಮ್ಮ ಒಬ್ಬರ ಫೋಟೋ ಬೇಕಾದ್ರೆ ಹಾಕ್ತೀವಿ, ಹುಡುಗರ ಹೆಸರು ಮುಖ ಎರಡೂ ಬರಲ್ಲ ಅಂತ. ಒಪ್ಪಲಿಲ್ಲ ಅಂದ್ರೆ ಬಿಟ್ಬಿಡ್ರಿ. ಒಪ್ಪಿದ್ರೆ ದುಡ್ಡು ಟ್ರಸ್ಟಿನ ಖಾತೆಗೆ ಚೆಕ್ಕಲ್ಲೇ ಬರ್ಲಿ, ತೆರಿಗೆ ವಿನಾಯಿತಿಗೆ ನಗದು ದಾನ 2000 ರೂಪಾಯಿ ದಾಟಿದ್ರೆ ಲೆಕ್ಕಕ್ಕೆ ಬರಲ್ಲ. ಆ ವಿನಾಯಿತಿ ಕೊಡೋಕೆ ಟ್ರಸ್ಟ್ ಆದಾಯ ತೆರಿಗೆ ಇಲಾಖೆಯಲ್ಲಿ ಬೇರೆನೇ ನೋಂದಣಿ ಮಾಡಿಸ್ಬೇಕು, ಅದನ್ನ ಒಬ್ಬ ಸಿಎ ಕೈಲೇ ಮಾಡ್ಸ್ರಿ, 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಇರೋದ್ರಿಂದ ಹಳೆ ಸೆಕ್ಷನ್ ನಂಬರ್ ನಂಬ್ಕೊಂಡು ಕೂರಬೇಡ್ರಿ.

ನೌಕರಿ. ಇಲ್ಲಿ ಸುಳ್ಳು ಭರವಸೆ ಕೊಡೋರೂ ಜಾಸ್ತಿ, ಸುಮ್ನೆ ಹೆದರ್ಸೋರೂ ಜಾಸ್ತಿ. ಜೈಲಿಗೆ ಹೋಗಿ ಬಂದ್ರೆ ಸರ್ಕಾರಿ ನೌಕರಿ ಇಲ್ಲವೇ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ, ಖುಲಾಸೆ ಆದ್ರೆ ಎಲ್ಲ ತೊಳೆದೋಗ್ತದೆ ಅನ್ನೋದೂ ನಿಜ ಅಲ್ಲ. 2016ರಲ್ಲಿ ಅವತಾರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇಷ್ಟು: ಫಾರ್ಮಲ್ಲಿ ಕೇಸಿನ ಬಗ್ಗೆ ಕೇಳಿದ್ರೆ ನಿಜ ಬರೀಬೇಕು, ಮುಚ್ಚಿಟ್ಟು ಸಿಕ್ಕಿಬಿದ್ರೆ ಮುಚ್ಚಿಟ್ಟಿದ್ದಕ್ಕೇ ಕೆಲಸ ಹೋಗಬಹುದು, ನಿಜ ಬರೆದ್ರೂ ನೌಕರಿ ಕೊಡೋರು ಕೇಸಿನ ಸ್ವರೂಪ, ಯಾವ ಹುದ್ದೆ ಅಂತೆಲ್ಲ ನೋಡಿ ತೀರ್ಮಾನ ಮಾಡಬಹುದು. ಖುಲಾಸೆಯಲ್ಲೂ ಫರಕ್ಕು ಐತೆ, ಗಂಭೀರ ಕೇಸಲ್ಲಿ "ಸಂಶಯದ ಲಾಭ ಕೊಟ್ಟು ಬಿಡುಗಡೆ" ಅಂತ ಬರೆದಿದ್ರೆ ಅದನ್ನ ಬೇರೆ ಥರ ನೋಡೋ ಅಧಿಕಾರ ಅವ್ರಿಗೆ ಇರ್ತದೆ. ಅದಕ್ಕೆ ತೀರ್ಪಿನ ಕೊನೇ ಪುಟ ನಾನು ಓದ್ಬೇಕು. ಪೊಲೀಸ್ ಕೆಲಸಕ್ಕೆ ಓದ್ತೀನಿ ಅಂತ ಬಂದ ಹುಡುಗರಿಗೆ ನಾನು ನೇರವಾಗೇ ಕಷ್ಟ ಅಂತ ಹೇಳ್ತೀನಿ. ದೊಡ್ಡ ಫ್ಯಾಕ್ಟರಿಗಳ ಗೇಟ್ ಪಾಸಿಗೂ ಪೊಲೀಸ್ ವೆರಿಫಿಕೇಶನ್ ಕೇಳೋದು ಮಾಮೂಲಿ, ಬಾಕಿ ಇರೋ ಕೇಸ್ ಅಲ್ಲಿ ಕಾಣ್ತದೆ. ಬ್ರಿಟನ್ನಲ್ಲಿ 1974ರಿಂದ ಒಂದು ಕಾಯ್ದೆ ಐತೆ, ಎಷ್ಟೋ ಥರದ ಶಿಕ್ಷೆಗಳು ಇಂತಿಷ್ಟು ವರ್ಷ ಆದ ಮೇಲೆ ಹೇಳ್ಕೊಳ್ಳೋ ಅಗತ್ಯಾನೇ ಇರಲ್ಲ. ದೊಡ್ಡೋರಿಗೆ ಹಂಗೆ ಅನ್ವಯಿಸೋ ಸಾಮಾನ್ಯ ಕಾನೂನು ನಮ್ಮಲ್ಲಿ ಇಲ್ಲ, ಬೇಕು ಅಂತ ನಾನು ಎಲ್ಲ ಕಡೆ ಹೇಳ್ತಾನೇ ಇರ್ತೀನಿ. ಹದಿನೆಂಟರ ಒಳಗೆ ತಪ್ಪು ಮಾಡಿದೋರಿಗೆ ಮಾತ್ರ 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 24 ರಕ್ಷಣೆ ಕೊಡ್ತದೆ, ಕೆಲವು ಗಂಭೀರ ಪ್ರಕರಣ ಬಿಟ್ಟು.

ಹಂಗಾದ್ರೆ ಯಾಕೆ ಓದಿಸ್ಬೇಕು ಅಂದ್ರೆ, ಗೇಟ್ ಪಾಸ್ ಕೇಳದ ದುಡಿಮೆನೂ ಬೇಕಾದಷ್ಟು ಐತೆ, ಅದಕ್ಕೂ ಓದು ಬೇಕು. ನಮ್ಮ ಹುಡುಗರಲ್ಲಿ ಎಲೆಕ್ಟ್ರಿಷಿಯನ್ ಇದಾರೆ, ಜಿಎಸ್‌ಟಿ ಫೈಲಿಂಗ್ ಮಾಡ್ಕೊಡೋ ಒಬ್ಬ ಇದಾನೆ, ಬಳ್ಳಾರಿ ಜೀನ್ಸ್ ಯೂನಿಟಲ್ಲಿ ಲೆಕ್ಕ ಬರೆಯೋನು ಇದಾನೆ. ಒಬ್ಬ ಲಾ ಓದ್ತಿದಾನೆ. ವಕೀಲ ಆಗೋಕೂ ಬಾಗಿಲು ಪೂರ್ತಿ ಮುಚ್ಚಿಲ್ಲ, ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆ ಆದವ್ರ ಅನರ್ಹತೆ, 1961ರ ವಕೀಲರ ಕಾಯ್ದೆ 24ಎ ಪ್ರಕಾರ, ಬಿಡುಗಡೆ ಆಗಿ ಎರಡು ವರ್ಷಕ್ಕೆ ಮುಗೀತದೆ. ಅರ್ಧಕ್ಕೆ ಬಿಟ್ಟೋರೂ ಇದಾರೆ, ಇಬ್ರು ವಾಪಸ್ ಒಳಗೂ ಹೋದ್ರು. ಒಬ್ಬನ ವಿಷಯದಲ್ಲಿ ಜೊತೆಗಾರರು ವರ್ಗ ಆಗಿ ಹೋಗಿ ಬೇರೆಯವ್ರನ್ನ ಹಚ್ಚೋಕೆ ನಾವು ನಾಲ್ಕು ತಿಂಗಳು ತಡ ಮಾಡಿದ್ವಿ, ಅದು ನಮ್ಮದೇ ತಪ್ಪು.

ಅದಕ್ಕೇ ನನ್ನ ಸಲಹೆ, ಟ್ರಸ್ಟ್ ಈಗ್ಲೇ ಬೇಡ. ಒಂದು ವರ್ಷ ನೀವು ನಾಲ್ಕು ಜನ ನಿಮ್ಮ ಕೈಯಿಂದ್ಲೇ ದುಡ್ಡು ಹಾಕ್ಕೊಂಡು ಈ ಒಬ್ಬ ಹುಡುಗನ್ನ ಓದಿಸ್ರಿ, ಒಂದು ನೋಟ್‌ಬುಕ್ಕಲ್ಲಿ ಲೆಕ್ಕ ಬರೀರಿ, ಊರಲ್ಲಿ ಚಂದಾ ಎತ್ತಬೇಡ್ರಿ. ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಪರಿಚಯ ಮಾಡ್ಕೊಳ್ರಿ, ಬಾಕಿ ಕೇಸಿಗೆ ಅವ್ನು ಉಚಿತ ವಕೀಲರಿಗೆ ಅರ್ಹ ಆದ್ರೆ ಅಲ್ಲೇ ಅರ್ಜಿ ಕೊಡಬಹುದು. ವರ್ಷ ಆದ ಮೇಲೂ ನಾಲ್ಕೂ ಜನ ಉಳ್ಕೊಂಡಿದ್ರೆ ಅವಾಗ ಡೀಡ್ ಬರೆಯೋಣ, ನಾನೇ ಬರ್ಕೊಡ್ತೀನಿ. ಐದನೇ ಹೆಸರು ಆ ಹುಡುಗಂದಾಗ್ಬೇಕಾ ಅಂದ್ರೆ ಈಗ್ಲೇ ಬೇಡ, ಓದ್ತಿರೋ ಹುಡುಗನ ತಲೆ ಮೇಲೆ ಆ ಭಾರ ಹಾಕಬೇಡ್ರಿ, ಜೈಲಿಂದ ಬಂದು ಬದುಕು ಕಟ್ಕೊಂಡ ಸ್ವಲ್ಪ ಹಿರಿಯರು ಯಾರಾದ್ರೂ ಸಿಕ್ತಾರೆ, ಬೇಕಾದ್ರೆ ನಮ್ಮ ಆ ಅಣ್ಣನ್ನ ಗಂಗಾವತಿಗೆ ಕಳಿಸ್ತೀನಿ, ನಿಮ್ಮ ಮನೆಯವ್ರೂ ಒಮ್ಮೆ ಮಾತಾಡ್ಲಿ ಅವ್ರ ಹತ್ರ.

ನರ್ಸಮ್ಮನೋರು ಜೊತೆಗಾರ್ತಿ ಆಗೋಕೆ ಒಪ್ಪಿದ್ರೆ ಬಹಳ ಒಳ್ಳೇದು, ಸಿಟ್ಟಲ್ಲಿ ಬಂದವ್ರ ಹತ್ರ ಸಮಾಧಾನದಿಂದ ಮಾತಾಡೋ ಅಭ್ಯಾಸ ಅವ್ರಿಗೆ ದಿನಾ ಇರ್ತದೆ. ನೀವು ಪಾಠ ಹೇಳ್ರಿ ಸಾಕು.

ಹುಡುಗನ್ನ ಬಳ್ಳಾರಿಗೆ ಕರ್ಕೊಂಡು ಬರೋ ಮುಂಚೆ ಜಾಮೀನಿನ ಆರ್ಡರ್ ಒಮ್ಮೆ ಓದಿ, ಜಿಲ್ಲೆ ದಾಟಬಾರದು ಅಂತ ಇದ್ರೆ ಫೋನ್ ಮಾಡ್ರಿ, ನಾನೇ ಗಂಗಾವತಿಗೆ ಬರ್ತೀನಿ. ಇಲ್ಲಾಂದ್ರೆ ಯಾವ ಶನಿವಾರ ಆದ್ರೂ ಬರ್ರಿ. ಖುಲಾಸೆ ತೀರ್ಪಿನ ಸರ್ಟಿಫೈಡ್ ಕಾಪಿ ಮೂರು ತೆಗೆಸ್ರಿ, ಒಂದು ನಿಮ್ಮ ಬೀರುವಿನಲ್ಲಿ ಇರ್ಲಿ. ಬಾಕಿ ಕೇಸಿನ ಸಿಎನ್‌ಆರ್ ನಂಬರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್. ಕಲ್ಯಾಣ ಕರ್ನಾಟಕದೋರ ಮೀಸಲಾತಿಗೆ ಬೇಕಾಗೋ 371ಜೆ ಸರ್ಟಿಫಿಕೇಟ್ ಮಾಡ್ಸಿಲ್ಲ ಅಂದ್ರೆ ಅದಕ್ಕೂ ಈಗ್ಲೇ ಅರ್ಜಿ ಹಾಕ್ಸ್ರಿ, ಮುಂದೆ ಡಿಗ್ರಿ ಸೀಟಿಗೂ ನೌಕರಿಗೂ ಅದು ಬೇಕಾಗ್ತದೆ. ಆಧಾರಿಗೆ ಲಿಂಕ್ ಆಗಿರೋ ಮೊಬೈಲ್ ನಂಬರ್ ನಡೀತೈತಾ ನೋಡ್ರಿ, ಎರಡು ವರ್ಷ ರೀಚಾರ್ಜ್ ಇಲ್ದೆ ಆ ಸಿಮ್ ಸತ್ತಿರ್ತದೆ, ಒಟಿಪಿ ಬರದೇ ಆನ್‌ಲೈನ್ ಅರ್ಜಿ ಅಲ್ಲೇ ನಿಂತುಬಿಡ್ತದೆ.